ಮುತ್ಯಾನ ಟ್ರಂಕಿನಲ್ಲಿ 19 ಪತ್ತೇದಾರಿ ಕಾದಂಬರಿ: ಹಕ್ಕು ಯಾರದು, ಕಾಗದ ಉಳಿಸೋದು ಹೇಗೆ?

ಪ್ರಶ್ನೆ: ನಮ್ಮ ಮುತ್ಯಾ (ಅಪ್ಪನ ಅಪ್ಪ) ಹಳೇ ಬಾಗಲಕೋಟೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಪ್ರೆಸ್ ಇಟ್ಟಿದ್ದರು. 1958ರಿಂದ 1979ರವರೆಗೆ ಒಂದು ವಾರಪತ್ರಿಕೆ ನಡೆಸಿದರು. 1986ರಲ್ಲಿ ತೀರಿಕೊಂಡರು. ಆಲಮಟ್ಟಿ ಹಿನ್ನೀರಿಗೆ ಮನೆ ಹೋದಾಗ ಅವರ ಟ್ರಂಕು ನಮ್ಮ ಜೊತೆ ನವನಗರಕ್ಕೆ ಬಂದು ಅಟ್ಟ ಸೇರಿತ್ತು. ಈಚೆಗೆ ತೆಗೆದೆವು. ಮೇಲೆ ಪತ್ರಿಕೆಯ ಫೈಲುಗಳು. ಕೆಳಗೆ 19 ಸಣ್ಣ ಪತ್ತೇದಾರಿ ಕಾದಂಬರಿ, ಒಂದಿಷ್ಟು ಪಾವತಿಗಳು, ಕೈಬರಹದ ನೋಟ್‌ಬುಕ್‌ಗಳು. ಪುಸ್ತಕಗಳು 1961ರಿಂದ 1972ರ ನಡುವಿನವು. ಯಾವುದರ ಮೇಲೂ ಮುತ್ಯಾನ ಹೆಸರಿಲ್ಲ. 14ಕ್ಕೆ ಒಂದು ಗಂಡು ಕಾವ್ಯನಾಮ, ಉಳಿದ 5ಕ್ಕೆ ಒಂದು ಹೆಣ್ಣು ಹೆಸರು. ಆ ಐದರ ನೋಟ್‌ಬುಕ್ಕಿನ ಅಕ್ಷರವೂ ಬೇರೆ ಥರ ಇದೆ. ಅಪ್ಪ, "ಹೊಟ್ಟೆಪಾಡಿಗೆ ಮರಾಠಿಯಿಂದ ಕದ್ದು ಬರೆದಿದ್ದು, ಸುಟ್ಟು ಹಾಕು, ಮರ್ಯಾದೆ ಹೋಗತದ" ಅನ್ನುತ್ತಾರೆ. ಕಾಕಾ, "ಹಕ್ಕೆಲ್ಲ ಗದಗಿನ ಪ್ರಕಾಶಕರಿಗೆ ಎಂದೋ ಮಾರಿಬಿಟ್ಟಾರ" ಅನ್ನುತ್ತಾರೆ. ಮೊಬೈಲಿನಲ್ಲಿ ಕಥೆ ಓದಿ ಕೇಳಿಸುವ ಒಬ್ಬರು, ಕಾವ್ಯನಾಮದ ಪುಸ್ತಕಕ್ಕೆ ಹಕ್ಕೇ ಇರುವುದಿಲ್ಲ, ಆದರೂ ಒಟ್ಟು 20,000 ರೂಪಾಯಿ ಕೊಡುತ್ತೇನೆ, ಒಂದು ಸಹಿ ಹಾಕಿ ಅಂತಿದ್ದಾರೆ. ಕಾಗದ ಮುಟ್ಟಿದರೆ ಪುಡಿಯಾಗುತ್ತಿದೆ. ಕಾದಂಬರಿಗಳನ್ನು ಲ್ಯಾಮಿನೇಷನ್ ಮಾಡಿಸಿ, ಪತ್ರಿಕೆ ಫೈಲುಗಳನ್ನು ರದ್ದಿಗೆ ಹಾಕೋಣ ಅಂದುಕೊಂಡಿದ್ದೇವೆ. ಅದೇ ಹೆಸರಲ್ಲಿ ಪತ್ರಿಕೆ ಮತ್ತೆ ತರಬೇಕು ಅಂತ ತಮ್ಮನ ಹುಮ್ಮಸ್ಸು ಬೇರೆ. ಏನು ಮಾಡಲಿ?
– ಒಬ್ಬ ಶಿಕ್ಷಕಿ, ನವನಗರ, ಬಾಗಲಕೋಟೆ

ಉತ್ತರ: ಮೊದಲು ರದ್ದಿಯವರಿಗೆ ಬರಬೇಡಿ ಅಂತ ಫೋನು ಮಾಡಿ. ಲ್ಯಾಮಿನೇಷನ್ ಅಂಗಡಿಗೂ ಹೋಗಬೇಡಿ. ಸಹಿಯನ್ನಂತೂ ಹಾಕಲೇಬೇಡಿ. ಈ ಮೂರು ಆದ ಮೇಲೆ ನಿಧಾನಕ್ಕೆ ಮಾತಾಡೋಣ.

ಬೆಳಗಾವಿಯಲ್ಲಿ ಪ್ರೆಸ್ಸಿನ ಪ್ರೂಫ್ ನೋಡುವ ಕೆಲಸದಿಂದ ಶುರುಮಾಡಿ, ಆಮೇಲೆ ಹಳೆ ಕಾಗದ ಉಳಿಸುವ ಕಸುಬಿಗೆ ಬಿದ್ದವನು ನಾನು. ಇಂಥ ಟ್ರಂಕುಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಕಡೆ ಒಂದೇ ತಪ್ಪು. ಮನೆಯವರು ಟ್ರಂಕನ್ನು ಎರಡು ಗುಡ್ಡೆ ಮಾಡುತ್ತಾರೆ, ಇದು ಬೇಕಾದದ್ದು, ಇದು ಬೇಡವಾದದ್ದು ಅಂತ. ನಿಮ್ಮ ಮನೆಯಲ್ಲಿ ಕಾದಂಬರಿ ಬೇಕಾದ ಗುಡ್ಡೆಯಲ್ಲಿದೆ, ಪತ್ರಿಕೆ ಬೇಡವಾದ ಗುಡ್ಡೆಯಲ್ಲಿದೆ. ಕಾದಂಬರಿ ಯಾರದು ಅನ್ನೋದಕ್ಕೆ ಸಾಕ್ಷಿ ಇರೋದು ಆ ಪತ್ರಿಕೆಯಲ್ಲೇ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಅಪ್ಪನ ಮಾತು. ಅವರ ಮೇಲೆ ಸಿಟ್ಟಾಗಬೇಡಿ. ಊರಲ್ಲಿ 'ಸಂಪಾದಕರ ಮಗ' ಅನ್ನಿಸಿಕೊಂಡು ಬೆಳೆದವರಿಗೆ, ರಕ್ತ ಸುರಿಯುವ ಮುಖಪುಟದ ಪುಸ್ತಕ ನಮ್ಮಪ್ಪ ಬರೆದದ್ದು ಅಂತ ಹೇಳಿಕೊಳ್ಳೋದು ಆಗ ಕಷ್ಟವೇ ಇತ್ತು. ಆದರೆ ಆ ಕಾಲದ ಸಣ್ಣ ಊರಿನ ಪ್ರೆಸ್ಸಿನ ಲೆಕ್ಕ ಗೊತ್ತಿದ್ದರೆ ಆ ಪುಸ್ತಕಗಳು ಬೇರೆಯೇ ಥರ ಕಾಣುತ್ತವೆ.

ವಾರಪತ್ರಿಕೆ ಯಾವತ್ತೂ ಹೊಟ್ಟೆ ತುಂಬಿಸಿದ್ದಲ್ಲ. ಚಂದಾ ಹಣ ಅರ್ಧ ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ. ಕೋರ್ಟಿನ ಜಾಹೀರು ನೋಟಿಸು, ಪುರಸಭೆಯ ಟೆಂಡರು, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ಪಾವತಿ ಪುಸ್ತಕ, ಲಗ್ನಪತ್ರಿಕೆ – ಪ್ರೆಸ್ಸು ಬದುಕಿದ್ದು ಇವುಗಳಿಂದ. ಲಗ್ನದ ಸುಗ್ಗಿ ಮುಗಿದು ಆಷಾಢ ಬಂತೆಂದರೆ ಮಷೀನು ನಿಲ್ಲುತ್ತಿತ್ತು. ಅಚ್ಚುಮೊಳೆ ಜೋಡಿಸುವ ಕಂಪೋಜಿಟರ್ ಪಗಾರ ನಿಲ್ಲುತ್ತಿರಲಿಲ್ಲ. ಆ ಖಾಲಿ ದಿನಗಳಿಗೆ ಕೆಲಸ ಬೇಕು. ಹೊರಗಿನ ಲೇಖಕರಿಗೆ ಕೊಡಲು ದುಡ್ಡಿಲ್ಲ. ಆಗ ಮಾಲೀಕರೇ ಕೂತು ಬರೆಯುತ್ತಿದ್ದರು. ನಿಮ್ಮ 19 ಪುಸ್ತಕಗಳಲ್ಲಿ ತಿಂಗಳು ಹಾಕಿದ್ದರೆ ನೋಡಿ. ಹೆಚ್ಚಿನವು ಮಳೆಗಾಲದವಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲು ಮನೆ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರುಮಾಡಿದ್ದು ನಮಗೆಲ್ಲ ಗೊತ್ತು. ಮಾರಲು ಎಲ್ಲರ ಹತ್ತಿರ ಮನೆ ಇರುವುದಿಲ್ಲ, ಅಲ್ವಾ? ನಿಮ್ಮ ಮುತ್ಯಾ ಖೂನಿ ಕಥೆ ಮಾರಿದರು. ಇನ್ನು ಮರ್ಯಾದೆಯ ಮಾತು. ನವೆಂಬರ್ 1ಕ್ಕೆ ನಾವು ಹಾರಿಸುವ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ರಕರ್ತರು, ಜೊತೆಗೆ ಪತ್ತೇದಾರಿ ಕಾದಂಬರಿಕಾರರು. ಇದನ್ನು ಅಪ್ಪನಿಗೆ ಹೇಳಿ ನೋಡಿ.

ಒಂದು ಕಾದಂಬರಿ ಕೈಗೆತ್ತಿಕೊಂಡು ಅಳತೆ ನೋಡಿ. ಸುಮಾರು 5 ಇಂಚು ಅಗಲ, ಏಳೂವರೆ ಇಂಚು ಉದ್ದ ಇದ್ದರೆ ಅದು ಅಚ್ಚಿನವರ ಭಾಷೆಯಲ್ಲಿ ಕ್ರೌನ್ 1/8 ಅಳತೆ. ಸಣ್ಣ ಟ್ರೆಡಲ್ ಮಷೀನಿನ ಚೌಕಟ್ಟಿಗೆ ಇಂಥ ನಾಲ್ಕು ಪುಟ ಒಮ್ಮೆಗೆ ಹಿಡಿಯುತ್ತವೆ. 96 ಪುಟದ ಪುಸ್ತಕಕ್ಕೆ ಹಾಗೆ 24 ಸಲ ಮಷೀನು ಏರಿಸಬೇಕು. ಇಡೀ ಪುಸ್ತಕ ಒಟ್ಟಿಗೆ ಕಂಪೋಜ್ ಮಾಡಿ ಇಡುವಷ್ಟು ಅಚ್ಚುಮೊಳೆ ಸಣ್ಣ ಪ್ರೆಸ್ಸಿನಲ್ಲಿ ಇರುತ್ತಿರಲಿಲ್ಲ. ಕನ್ನಡಕ್ಕೆ ಒತ್ತಕ್ಷರ, ಗುಣಿತಾಕ್ಷರ ಸೇರಿ ಮೊಳೆಗಳೂ ಜಾಸ್ತಿ. ಹಾಗಾಗಿ ಕೆಲವು ಪುಟ ಜೋಡಿಸು, ಅಚ್ಚು ಹಾಕು, ಮೊಳೆಗಳನ್ನು ಬಿಡಿಸಿ ಮತ್ತೆ ಮೊಳೆ ಇಡುವ ಕೇಸಿನ ಮನೆಗಳಿಗೆ ಹಂಚು, ಮುಂದಿನ ಪುಟಕ್ಕೆ ಹೋಗು. ಮೊದಲ ಅಧ್ಯಾಯ ಅಚ್ಚಾಗಿ ಒಣಗುವಾಗ ಕೊನೆಯ ಅಧ್ಯಾಯ ಇನ್ನೂ ಬರೆದೇ ಇರುತ್ತಿರಲಿಲ್ಲ. ನಡುವೆ ಕೊಲೆಗಾರನನ್ನು ಬದಲಾಯಿಸಬೇಕು ಅನ್ನಿಸಿದರೂ ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಬ್ಬ ಅವಳಿ ಸಹೋದರ ಬರುತ್ತಾನಲ್ಲ, ಅವನು ಬರೋದು ಹೀಗೆ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಕಂಪೋಜಿಟರ್ ಹತ್ತಿರ. ಅವರು ಹೇಳುತ್ತಿದ್ದರು: ಪತ್ತೇದಾರಿ ಪುಸ್ತಕ ಬಂದರೆ ಮೊದಲು ಖಾಲಿಯಾಗುವುದು 'ಖ'. ಖೂನಿ, ಖದೀಮ, ಖೋಲಿ, ಖಜಾನೆ. "ಮಾಲಕರ, ಖ ಮುಗದಾವ್ರೀ" ಅಂದರೆ, ಮಾಲಕರು ಅಲ್ಲೇ ನಿಂತು ಪೆನ್ಸಿಲ್ ತೆಗೆದು ಖೂನಿಯನ್ನು ಕೊಲೆ ಮಾಡುತ್ತಿದ್ದರಂತೆ. ನಿಮ್ಮ ಪುಸ್ತಕಗಳಲ್ಲಿ ಒಂದು ಪುಟದಲ್ಲಿ ಖೂನಿ, ಇನ್ನೊಂದರಲ್ಲಿ ಕೊಲೆ ಅಂತ ಇದ್ದರೆ ಕಾರಣ ಇದೂ ಇರಬಹುದು.

ಈಗ ಹಕ್ಕಿನ ವಿಷಯ. ಇದನ್ನು ಒಬ್ಬ ವಕೀಲರ ಜೊತೆ ಕೂತು ನೋಡಿಯೇ ಬರೆಯುತ್ತಿದ್ದೇನೆ. ಆದರೂ ಸಹಿಗೆ ಮುಂಚೆ ನಿಮ್ಮ ವಕೀಲರಿಗೂ ತೋರಿಸಿ.

ಕಾವ್ಯನಾಮದ ಪುಸ್ತಕಕ್ಕೆ ಹಕ್ಕೇ ಇಲ್ಲ ಅನ್ನೋದು ಸುಳ್ಳು. ಹಕ್ಕೇ ಇಲ್ಲ ಅನ್ನುವವರು ನಿಮ್ಮ ಸಹಿ ಯಾಕೆ ಕೇಳುತ್ತಾರೆ, ಯೋಚಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತ ಹೆಸರಲ್ಲಿ ಬರೆದದ್ದಕ್ಕೆ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ನಿಮ್ಮ ಮುತ್ಯಾ 1986ರಲ್ಲಿ ಹೋದರು ಅಂದರೆ 2046ರ ಕೊನೆಯವರೆಗೆ. ಕಾವ್ಯನಾಮದಲ್ಲಿ ಬಂದದ್ದಕ್ಕೆ ಲೆಕ್ಕ ಬೇರೆ. ಪುಸ್ತಕ ಪ್ರಕಟವಾದ ಮುಂದಿನ ಜನವರಿಯಿಂದ 60 ವರ್ಷ. ಆ ಲೆಕ್ಕದಲ್ಲಿ 1961ರ ಪುಸ್ತಕದ ಹಕ್ಕು 2021ರ ಕೊನೆಗೇ ಮುಗಿಯಿತು. 1968ರದ್ದು 2028ರ ಕೊನೆಗೆ, 1972ರದ್ದು 2032ರ ಕೊನೆಗೆ ಮುಗಿಯುತ್ತದೆ. ಅಂದರೆ 19 ಪುಸ್ತಕಕ್ಕೂ ಒಂದೇ ಉತ್ತರ ಇಲ್ಲ. ಒಂದೊಂದರ ಇಸವಿ ನೋಡಬೇಕು.

ಆದರೆ ಇದರಲ್ಲಿ ಒಂದು ತಿರುವಿದೆ. ಕಾವ್ಯನಾಮದ ಹಿಂದೆ ಇರುವವರು ಇವರೇ ಅಂತ ಆ ಅವಧಿ ಮುಗಿಯುವ ಮೊದಲೇ ಲೇಖಕರು, ಪ್ರಕಾಶಕರು ಇಬ್ಬರೂ ಬಹಿರಂಗವಾಗಿ ಹೇಳಿದ್ದರೆ, ಮತ್ತೆ ಲೇಖಕರ ಸಾವಿನ ಲೆಕ್ಕವೇ ಬರುತ್ತದೆ. ಮೊಮ್ಮಗಳು ಈಗ ಹೇಳಿದರೆ ಸಾಕಾಗುವುದಿಲ್ಲ. ಕಾಯ್ದೆ ಕೇಳುವುದು ಲೇಖಕರ ಮಾತನ್ನು. ನಿಮ್ಮ ಮುತ್ಯಾ ಎಲ್ಲಿ ಹೇಳಿರಬಹುದು? ಅವರದೇ ಪತ್ರಿಕೆಯಲ್ಲಿ! ಹಿಂಬದಿ ಪುಟದ ಜಾಹೀರಾತುಗಳನ್ನು ಹುಡುಕಿ. "ನಮ್ಮ ಸಂಪಾದಕರ ಲೇಖನಿಯಿಂದ ಮತ್ತೊಂದು ರೋಮಾಂಚಕ ಪತ್ತೇದಾರಿ, ಬೆಲೆ ಒಂದು ರೂಪಾಯಿ, ವಿ.ಪಿ.ಪಿ. (ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ಮೂಲಕವೂ ಕಳಿಸಲಾಗುವುದು" – ಈ ಧಾಟಿಯ ಜಾಹೀರಾತು ನಾನು ಬೇರೆ ಊರುಗಳ ಪತ್ರಿಕೆಗಳಲ್ಲಿ ನೋಡಿದ್ದೇನೆ. ಪುಸ್ತಕದ ಪ್ರಕಾಶಕರೂ ಅವರೇ ಆಗಿದ್ದರೆ, ಇಬ್ಬರೂ ಹೇಳಿದಂತೆಯೇ ಆಯಿತು ಅಂತ ವಾದ ಮಾಡಬಹುದು. ರದ್ದಿಗೆ ಹಾಕಬೇಡಿ ಅಂದದ್ದು ಇದಕ್ಕೇ. ಕಿಲೋ ಲೆಕ್ಕದಲ್ಲಿ ಹೋಗಬೇಕಿದ್ದ ಆ ಫೈಲಿನ ಒಂದು ಹಾಳೆ ನಿಮ್ಮ ಹಕ್ಕನ್ನು 2046ರವರೆಗೆ ಎಳೆಯಬಹುದು.

ಪ್ರಕಾಶಕರು ಯಾರು ಅನ್ನೋದು ಪುಸ್ತಕದಲ್ಲೇ ಸಿಗುತ್ತದೆ. 1867ರ ಮುದ್ರಣ ಕಾಯ್ದೆಯ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ಮತ್ತು ಊರನ್ನು ಅಚ್ಚು ಹಾಕಲೇಬೇಕಿತ್ತು. ಶೀರ್ಷಿಕೆ ಪುಟದ ಹಿಂದೆ ಅಥವಾ ಕೊನೆಯ ಪುಟದ ಬುಡದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಪತ್ರಿಕೆಯಲ್ಲಾದರೆ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆ ತೆಗೆಯಿರಿ. ಅದರಲ್ಲಿ 'ಫಾರಂ 4' ಅಂತ ಒಂದು ಹೇಳಿಕೆ ಇರುತ್ತದೆ. ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ಅವರೇ ಸಹಿ ಹಾಕಿ ಘೋಷಿಸಿದ್ದು. ಓದುಗರು ಯಾರೂ ಓದದ ಮೂಲೆ ಅದು. ನಮಗೆ ಬಂಗಾರ.

ಕಾಕಾ ಹೇಳುವ ಮಾರಾಟ ನಿಜ ಇರಬಹುದು, ಅರ್ಧ ನಿಜವೂ ಇರಬಹುದು. ಬಾಯಿಮಾತಿನಲ್ಲಿ ಕೃತಿಸ್ವಾಮ್ಯ ಮಾರಲು ಬರುವುದಿಲ್ಲ. ಬರಹದಲ್ಲಿರಬೇಕು, ಮಾರುವವರ ಸಹಿ ಇರಬೇಕು. ಟ್ರಂಕಿನ ಪಾವತಿಗಳನ್ನು ಒಂದೊಂದಾಗಿ ಓದಿ. "ಸಾವಿರ ಪ್ರತಿ ಬಾಬ್ತು", "ಒಂದು ಆವೃತ್ತಿಗೆ" ಅಂತಿದ್ದರೆ ಅವರು ಮಾರಿದ್ದು ಪ್ರತಿಗಳನ್ನು ಅಥವಾ ಒಂದು ಸಲದ ಮುದ್ರಣವನ್ನು. "ಸರ್ವ ಹಕ್ಕುಗಳನ್ನೂ ಕಾಯಂ ಆಗಿ" ಅಂತ ಸಹಿ ಹಾಕಿಕೊಟ್ಟ ಪತ್ರವೇ ಸಿಕ್ಕರೆ, ಆ ಪುಸ್ತಕದ ಮಟ್ಟಿಗೆ ಕಾಕಾ ಹೇಳಿದ್ದೇ ಸರಿ. ಆಗ ಇಲ್ಲದಿದ್ದ ಮಾಧ್ಯಮಗಳಿಗೆ ಹಳೆ ಮಾರಾಟ ತಾನಾಗಿ ಹರಡುವುದಿಲ್ಲ ಅಂತ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ ನಿಜ. 1960ರ ದಶಕದ ಪತ್ರಕ್ಕೂ ಅದು ಅನ್ವಯಿಸುತ್ತದಾ ಅನ್ನೋದು ಮಾತ್ರ ವಕೀಲರು ಹೊಡೆದಾಡುವ ಜಾಗ. ಅದನ್ನು ನಂಬಿ ಕೂರಬೇಡಿ.

ಮರಾಠಿಯಿಂದ ಕದ್ದದ್ದು ಅನ್ನುವ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಇದೇ ನಿಜವಾದ ಅಪಾಯ. ನಮ್ಮ ಭಾಗದ ಪ್ರೆಸ್ಸಿನವರು ಎರಡೂ ಭಾಷೆ ಓದುತ್ತಿದ್ದರು. ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ್ ಒಬ್ಬರೇ ಸಾವಿರಕ್ಕೂ ಹೆಚ್ಚು ರಹಸ್ಯ ಕಥೆ ಬರೆದವರು. ಹೆಸರು ಬದಲಿಸಿ ಕನ್ನಡಕ್ಕೆ ಇಳಿಸಿದವರು ಇದ್ದರು. ಹಾಗೆ ಇಳಿಸಿದ್ದಾದರೆ ಮೂಲ ಲೇಖಕರ ವಾರಸುದಾರರ ಒಪ್ಪಿಗೆ ಇಲ್ಲದೆ ನೀವು ಅದನ್ನು ಯಾರಿಗೂ ಕೊಡಬಾರದು. ಕೊಟ್ಟರೆ ಕೇಸು ನಿಮ್ಮ ಮೇಲೇ ಬರುತ್ತದೆ. ಕಥೆ ಮುಂಬೈಯಲ್ಲಿ ನಡೆಯುತ್ತದೆ, ನಾಯಕ ಟ್ರಾಮ್ ಹತ್ತುತ್ತಾನೆ ಅನ್ನೋದು ಮಾತ್ರ ಪುರಾವೆ ಅಲ್ಲ. ಮುಂಬೈ ಟ್ರಾಮ್ 1964ರವರೆಗೂ ಓಡಿತು, ಅದನ್ನು ಹತ್ತಿಳಿದ ಬಾಗಲಕೋಟೆ ಜನವೂ ಇದ್ದರು. ನೋಡಬೇಕಾದದ್ದು ನೋಟ್‌ಬುಕ್. ಸ್ವಂತ ಬರೆದವರ ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿದ ಸಾಲು, ಬಾಣದ ಗುರುತು, ಬದಲಾದ ಹೆಸರು ತುಂಬಾ ಇರುತ್ತವೆ. ಅನುವಾದ ಮಾಡಿದವರ ಪುಟ ಸರಾಗವಾಗಿ ಹರಿಯುತ್ತದೆ, ಎಲ್ಲೋ ಒಂದು ಪದಕ್ಕೆ ಮಾತ್ರ ಜಾಗ ಖಾಲಿ ಬಿಟ್ಟಿರುತ್ತಾರೆ. ಖಾಲಿ ಜಾಗ ಜಾಸ್ತಿ ಕಂಡ ಪುಸ್ತಕಗಳನ್ನು ಸದ್ಯಕ್ಕೆ ಬದಿಗಿಡಿ.

ಹಕ್ಕು ಉಳಿದಿದೆ ಅಂದುಕೊಳ್ಳೋಣ. ಅದು ನಿಮ್ಮೊಬ್ಬರದಲ್ಲ. ಮುತ್ಯಾ ಉಯಿಲು ಬರೆದಿಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಗಳಿಕೆಯಲ್ಲಿ ಗಂಡುಮಕ್ಕಳಷ್ಟೇ ಪಾಲು ಹೆಣ್ಣುಮಕ್ಕಳಿಗೂ ಇದೆ. ನಿಮಗೆ ಸೋದರತ್ತೆಯರಿದ್ದರೆ ಅವರ ಸಹಿಯೂ ಬೇಕು. ಹೊಲದ ಪಾಲು ಕೇಳದ ಅತ್ತೆಯಂದಿರು ಕಥೆಯ ಪಾಲು ಕೇಳುತ್ತಾರೆಯೇ ಅನ್ನಬೇಡಿ. ಕೇಳಿದ್ದನ್ನು ನಾನು ನೋಡಿದ್ದೇನೆ, ಕೇಳಿದ್ದು ನ್ಯಾಯವೂ ಆಗಿತ್ತು.

ಆ ಆಡಿಯೊದವರಿಗೆ ಬೇಡ ಅನ್ನಬೇಕಿಲ್ಲ. "ಎಲ್ಲ ಹಕ್ಕು" ಅನ್ನುವ ಪತ್ರ ಬೇಡ ಅನ್ನಿ. ಹಕ್ಕು ಉಳಿದ ಪುಸ್ತಕಗಳನ್ನು ಮಾತ್ರ, ಓದಿ ಕೇಳಿಸಲು ಮಾತ್ರ, ಇಂತಿಷ್ಟು ವರ್ಷಕ್ಕೆ ಪರವಾನಗಿ ಕೊಡಿ. ಹಕ್ಕನ್ನೇ ಬರೆದುಕೊಡುವುದಾದರೂ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಅಂತ. ಮುತ್ಯಾನ ನಿಜ ಹೆಸರು ಪ್ರತಿ ಕಂತಿನಲ್ಲೂ ಬರಬೇಕು ಅಂತ ಹಾಕಿಸಿ. ಬರೆದವರು ಇವರೇ ಅಂತ ಹೇಳಿಸಿಕೊಳ್ಳುವ ಹಕ್ಕು ವಾರಸುದಾರರಿಗೂ ಇದೆ. ಹಕ್ಕು ಮುಗಿದ ಪುಸ್ತಕಗಳನ್ನು ಅವರು ನಿಮ್ಮನ್ನು ಕೇಳದೆಯೂ ಓದಬಹುದು. ಆದರೆ ಪ್ರತಿ ಬೇಕೆಂದರೆ ನಿಮ್ಮ ಟ್ರಂಕಿಗೇ ಬರಬೇಕು. ಆ ಒಪ್ಪಂದ ಬೇರೆಯೇ ಮಾಡಿಕೊಳ್ಳಿ. 20,000 ಕಡಿಮೆಯೋ ಜಾಸ್ತಿಯೋ ನಾನು ಹೇಳಲಾರೆ. ಎಷ್ಟು ಪುಸ್ತಕಕ್ಕೆ, ಎಷ್ಟು ವರ್ಷಕ್ಕೆ ಅಂತ ಗೊತ್ತಾಗದೆ ಯಾವ ಮೊತ್ತಕ್ಕೂ ಅರ್ಥವಿಲ್ಲ.

ತಮ್ಮನ ಪತ್ರಿಕೆಯ ಕನಸಿಗೆ ಸಣ್ಣ ಉತ್ತರ: ಹನ್ನೆರಡು ತಿಂಗಳಿಗಿಂತ ಹೆಚ್ಚು ನಿಂತ ಪತ್ರಿಕೆಯನ್ನು ನಡೆಸಲು ಕೊಟ್ಟ ಘೋಷಣೆ 1867ರ ಹಳೆ ಕಾಯ್ದೆಯಲ್ಲೇ ಬಿದ್ದುಹೋಗುತ್ತಿತ್ತು. ಈಗ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಬಂದಿದೆ. ಹೊಸದಾಗಿ ಆನ್‌ಲೈನ್ ಅರ್ಜಿ ಹಾಕಬೇಕು, ಹೆಸರು ಖಾಲಿ ಇದ್ದರೆ ಸಿಗುತ್ತದೆ.

ಇನ್ನು ಕಾಗದ. ನ್ಯೂಸ್‌ಪ್ರಿಂಟ್ ಮಾಡೋದು ಮರವನ್ನು ಅರೆದು. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟನ್ನು ತೆಗೆಯುವುದಿಲ್ಲ. ಬೆಳಕು, ಗಾಳಿ ತಾಗಿದಾಗ ಅದು ಹಳದಿಯಾಗುತ್ತದೆ, ಹುಳಿ (ಆಮ್ಲ) ಬಿಡುತ್ತದೆ. ಆ ಹುಳಿ ಕಾಗದದ ನಾರನ್ನೇ ತಿನ್ನುತ್ತದೆ. ಕಾದಂಬರಿಗಳಿಗೂ ಇದೇ ಅಗ್ಗದ ಕಾಗದ. ಪತ್ರಿಕೆಗೆಂದು ಸರ್ಕಾರದ ಕೋಟಾದಲ್ಲಿ ಬಂದ ಕಾಗದ ಆಗ ಎಲ್ಲೆಲ್ಲಿ ಹೋಗುತ್ತಿತ್ತು ಅನ್ನೋದು ಬೇರೆಯದೇ ಪತ್ತೇದಾರಿ ಕಥೆ, ಬಿಡಿ. ನಿಮ್ಮ ಊರಿನ ಬೇಸಿಗೆ, ಅಟ್ಟದ ತಗಡಿನ ಕಾವು ಸೇರಿ ಅದು ಹಪ್ಪಳ ಆಗಿದೆ.

ಲ್ಯಾಮಿನೇಷನ್ ಮಾಡಿದರೆ ಹುಳಿ ಒಳಗೇ ಉಳಿಯುತ್ತದೆ, ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ. ಸೆಲ್ಲೊ ಟೇಪೂ ಬೇಡ. ಕಸುಬಿಗೆ ಹೊಸದಾಗಿ ಬಂದಾಗ ನಾನೇ ಒಂದು ಹರಿದ ಮುಖಪುಟಕ್ಕೆ ಟೇಪು ಹಚ್ಚಿ, ಬಹಳ ಚೆಂದ ಮಾಡಿದೆ ಅಂದುಕೊಂಡಿದ್ದೆ. ಕೆಲವು ವರ್ಷಕ್ಕೆ ಟೇಪು ಉದುರಿತು, ಕಂದು ಅಂಟು ಉಳಿಯಿತು, ಅದರಡಿ ಇದ್ದ ಪತ್ತೇದಾರನ ಮುಖ ಹೋಯಿತು. ಆ ಪುಟ ಇನ್ನೂ ನನ್ನ ಮೇಜಿನ ಗಾಜಿನಡಿ ಇದೆ.

ಟ್ರಂಕು ತೆಗೆಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಹಿಂದಿನವರು ಒರಲೆಗೆ ಹೆದರಿ ಡಿಡಿಟಿ, ಗ್ಯಾಮಾಕ್ಸಿನ್ ಪುಡಿ ಸುರಿದಿರುತ್ತಾರೆ. ಬಿಸಿಲಿಗೆ ಹರಡಬೇಡಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ತುಕ್ಕು ಹಿಡಿದ ಪಿನ್ನುಗಳನ್ನು ಎಳೆಯದೆ, ಹಿಂಬದಿಯಿಂದ ಕಾಲು ಬಿಡಿಸಿ ತೆಗೆಯಿರಿ. ಹುಳಿರಹಿತ ಕಾಗದದ ಡಬ್ಬಿಯಲ್ಲಿ ಮಲಗಿಸಿ ಇಡಿ, ನಿಲ್ಲಿಸಬೇಡಿ. ಕಟ್ಟುವುದಾದರೆ ಅಗಲದ ಹತ್ತಿ ಪಟ್ಟಿ ಸಾಕು, ಸುತಲಿ ಕೊಯ್ಯುತ್ತದೆ. ಹುಳಿ ತೆಗೆಯುವ ಸುಣ್ಣದ ನೀರಿನ ಚಿಕಿತ್ಸೆ ಇದೆ, ಆದರೆ ಮಸಿ ಕದಡಬಹುದು. ಮನೆಯಲ್ಲಿ ಪ್ರಯೋಗ ಮಾಡಬೇಡಿ, ತರಬೇತಾದವರಿಗೆ ಬಿಡಿ. 19 ಪುಸ್ತಕಕ್ಕೂ ಅದನ್ನು ಮಾಡಿಸುವಷ್ಟು ಖರ್ಚು ಬೇಡ ಅಂತಲೇ ನನ್ನ ಅನಿಸಿಕೆ. ಒಂದು ಸಲ ಚೆನ್ನಾಗಿ ಸ್ಕ್ಯಾನ್ ಮಾಡಿ, 300 ಡಿಪಿಐ ಸಾಕು. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ, ಇಂಗ್ಲಿಷಿನ ಎಲ್ ಆಕಾರಕ್ಕೆ ತೆರೆದರೆ ಸಾಕು. ಮೊದಲು ಪತ್ರಿಕೆಯ ಹಿಂಬದಿ ಪುಟಗಳು, ಆಮೇಲೆ ಪಾವತಿಗಳು, ಆಮೇಲೆ ಕಾದಂಬರಿ. ಈ ಕ್ರಮ ತಪ್ಪಿಸಬೇಡಿ.

ಕಾಣೆಯಾದ ಸಂಚಿಕೆ ಬೇಕಾದರೆ, 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರಕಾಶಕರು ಪ್ರತಿ ಕಳಿಸಬೇಕಿತ್ತು. ಸಣ್ಣ ಪ್ರೆಸ್ಸಿನವರು ಎಷ್ಟು ಮಂದಿ ಅಂಚೆ ಖರ್ಚು ಹಾಕಿ ಕಳಿಸಿದರೋ! ಆದರೂ ಒಂದು ಪತ್ರ ಬರೆದು ಕೇಳಿ.

ಕೊನೆಗೆ, ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ: ಹೆಣ್ಣು ಹೆಸರಿನ ಐದು ಪುಸ್ತಕ, ಬೇರೆ ಅಕ್ಷರದ ನೋಟ್‌ಬುಕ್. ಗಂಡಸರು ಹೆಂಗಸಿನ ಹೆಸರಲ್ಲಿ ಬರೆಯೋದು ಆಗ ಇತ್ತು, ನಿಜ. ಆದರೆ ಅಕ್ಷರವೂ ಬೇರೆ ಅನ್ನುತ್ತೀರಿ. ಕಂಪೋಜಿಟರ್ ಪ್ರತಿ ಮಾಡಿಕೊಟ್ಟಿರಬಹುದು. ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮ ಆಯಿ (ಮುತ್ಯಾನ ಹೆಂಡತಿ) ಓದುಬರಹ ಬಲ್ಲವರಾಗಿದ್ದರೇ? ಅವರೇ ಬರೆದದ್ದಾದರೆ ಆ ಐದು ಪುಸ್ತಕಗಳ ಲೆಕ್ಕವೇ ಬೇರೆಯಾಗುತ್ತದೆ. ಇಬ್ಬರೂ ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕಾಗಬಹುದು. ಅಪ್ಪನನ್ನು, ಅತ್ತೆಯಂದಿರನ್ನು ಕೂರಿಸಿಕೊಂಡು ಕೇಳಿ. ಅದಕ್ಕೂ ಮುಂಚೆ ಆಯಿಯ ಕೈಯ ಹಳೆ ಕಿರಾಣಿ ಲೆಕ್ಕವೋ, ತವರಿಗೆ ಬರೆದ ಇನ್‌ಲ್ಯಾಂಡ್ ಪತ್ರವೋ ಮನೆಯಲ್ಲಿ ಇದ್ದರೆ ತೆಗೆದು, ಆ ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿ. 'ಖ' ಹೇಗೆ ಬರೆದಿದ್ದಾರೆ ಅಂತ ಮೊದಲು ನೋಡಿ. ಎರಡರ ಫೋಟೊ ನನಗೂ ಕಳಿಸಿ.